ಮೊರೀನಳ ಉಡಿ

ಅಂಗೈಯಲ್ಲಿ ನೆಲೆಗೊಂಡು ಕಡಲಾಚೆಗೂ ನನ್ನೊಡನೆ ಬಂದ ಇಷ್ಟಲಿಂಗಕ್ಕೆ ಮೊದಲ ನಮಸ್ಕಾರ. ಆ ಲಿಂಗವನ್ನು ತಮ್ಮ ಕೈಯಿಂದ ನನ್ನ ಕೈಗಿತ್ತು, ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದ ಗುರುಗಳಿಗೆ ಮತ್ತೊಂದು. ಸಿರಸಂಗಿಯ ಕಾಳಿಕಾದೇವಿ ನನ್ನ ಪತ್ನಿಯ ತವರೂರಿನ ತಾಯಿ. ಕುಂಕುಮವಾಗಿ ಆಕೆಯ ಸೆರಗಿನ ಗಂಟಿನಲ್ಲಿ ಕುಳಿತು ವಿಮಾನವೇರಿದ ಆ ತಾಯಿಗೂ ನಮಸ್ಕಾರ. ಇನ್ನೂ ಒಂದು ನಮಸ್ಕಾರ ಉಳಿದಿದೆ. ಅದನ್ನು ಯಾರಿಗೆ ಸಲ್ಲಿಸಬೇಕೆಂಬುದು ಊರು ಬಿಡುವಾಗ ನನಗೆ ತಿಳಿದಿರಲಿಲ್ಲ. ತಿಳಿದುಬಂದ ಬಗೆಯನ್ನು ನಮ್ಮ ಕಡೆಯ ಓದುಗರ ಮುಂದೆ ಇಡುತ್ತಿದ್ದೇನೆ.

ಬೈಲಹೊಂಗಲ

ನಾನು ಹುಟ್ಟಿದ್ದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ; ಓದಿದ್ದು ಮಠದ ಸಂಸ್ಕೃತ ಪಾಠಶಾಲೆಯಲ್ಲಿ; ಬದುಕು ಸವೆಸಿದ್ದು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುತ್ತ. ನಿವೃತ್ತನಾದ ಮೇಲೆ ಶ್ರಾವಣದಲ್ಲಿ ಪುರಾಣ ಹೇಳುವುದು, ಯಾರಾದರೂ ಶಾಸ್ತ್ರಾರ್ಥ ಕೇಳಿ ಬಂದರೆ ಗ್ರಂಥ ಬಿಚ್ಚುವುದು, ಇಷ್ಟೇ ನನ್ನ ಉದ್ಯೋಗ. ಸವದತ್ತಿಗೆ ಹೋಗಿಬರುವುದಕ್ಕೂ ಒಂದು ಕಾರಣ ಬೇಕಾಗುವ ಮನುಷ್ಯ ನಾನು. ಅಂಥವನು ಇಂಗ್ಲೆಂಡಿಗೆ ಹೋಗಬೇಕಾದದ್ದು ಒಂದು ದೂರವಾಣಿ ಕರೆಯಿಂದ. ಹೊಸ ಶತಮಾನ ಕಾಲಿಟ್ಟು ಕೆಲವೇ ವರ್ಷಗಳಾಗಿದ್ದವು.

ನಮ್ಮ ಒಬ್ಬಳೇ ಮಗಳು ಗಿರಿಜಾ ಅಲ್ಲಿಯ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಶಿವಾನಂದ ಕಿತ್ತೂರಿನವನು. ಕಾಲೇಜಿನಲ್ಲಿ ಗಣಿತದ ಅಧ್ಯಾಪಕ. ಅವರಿಗೆ ಮಕ್ಕಳಾಗಿರಲಿಲ್ಲ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆ ದಿನ ಪೂಜೆ ಮುಗಿಸಿ ಏಳುವ ಹೊತ್ತಿಗೆ ಗಿರಿಜಾ ಕರೆ ಮಾಡಿದಳು.

"ಅಪ್ಪಾ, ನಾವೊಂದು ಕೂಸು ತಗೋಬೇಕಂತ ಮಾಡೇವಿ. ಹೆಣ್ಣು ಕೂಸು, ನಾಕು ವರ್ಷದ್ದು. ನಡ್ಯಾಕ ಬರೂದಿಲ್ಲ. ಮಾತೂ ಬರೂದಿಲ್ಲ. ನಗತೈತಿ."

ಮೊದಲಿನದನ್ನೆಲ್ಲ ತಡೆತಡೆದು ಹೇಳಿದವಳು ಕೊನೆಯ ಮಾತನ್ನು ಮಾತ್ರ ಬೇಗನೆ ಹೇಳಿದಳು.

ಆ ದೇಶದಲ್ಲಿ ಹೆತ್ತವರಿಂದ ಸಾಕಲಾಗದ ಮಕ್ಕಳನ್ನು ಅನಾಥಾಶ್ರಮದಲ್ಲಿ ಇಡುವುದಿಲ್ಲವಂತೆ. ಸರಕಾರವು ಒಬ್ಬ ಗೃಹಸ್ಥೆಯ ಮನೆಯಲ್ಲಿ ಇರಿಸುತ್ತದೆ. ಆಕೆ ಪೋಷಕ ತಾಯಿ. ಉಣಿಸಿ, ತೊಳೆದು, ಜ್ವರ ಬಂದಾಗ ಎದ್ದು ಕೂತು ಸಾಕುತ್ತಾಳೆ. ಆದರೆ ಕೂಸು ಆಕೆಯದಲ್ಲ. ಶಾಶ್ವತವಾದ ಮನೆ ಸಿಕ್ಕ ದಿನ ಬಿಟ್ಟುಕೊಡಬೇಕು. ಈ ಕೂಸಿಗೆ ಹುಟ್ಟಿನಲ್ಲೇ ಮಿದುಳಿಗೆ ಪೆಟ್ಟಾಗಿ ಕಾಲು, ಎಡಗೈ, ನಾಲಿಗೆ ಹತೋಟಿಯಲ್ಲಿಲ್ಲ. ತಂದೆ ನಮ್ಮ ಉಪಖಂಡದ ಕಡೆಯವನೆಂದು ತಿಳಿದಿದ್ದರಿಂದ ಅಧಿಕಾರಿಗಳು ಭಾರತೀಯ ಮನೆಯೊಂದನ್ನು ಹುಡುಕುತ್ತಿದ್ದರು. ಇಂಥ ಕೂಸನ್ನು ಗಂಡಹೆಂಡತಿ ಇಬ್ಬರೇ ಸಾಕಲಾರರು, ಸುತ್ತಲಿನ ಬಳಗ ಒಪ್ಪಬೇಕು ಎಂಬುದು ಅಲ್ಲಿಯ ನಿಯಮ. ಅಜ್ಜ ಅಜ್ಜಿಯರ ಒಪ್ಪಿಗೆಯನ್ನು ಒಬ್ಬ ಅಧಿಕಾರಿಣಿ ಅವರ ಬಾಯಿಂದಲೇ ಕೇಳಬಯಸಿದ್ದಳು. ನಾವು ಬೇಡವೆಂದರೆ, ಅಥವಾ ನಮ್ಮ ಮನಸ್ಸಿನಲ್ಲಿ ಬೇಡವೆಂಬುದು ಅವಳಿಗೆ ಕಂಡರೆ, ಆ ಕೂಸು ಗಿರಿಜಾಳಿಗೆ ದೊರೆಯುವುದಿಲ್ಲ.

ನನ್ನ ಪತ್ನಿ ಪಾರ್ವತಿ ಆ ಮಧ್ಯಾಹ್ನವೇ ಶ್ಯಾವಿಗೆ ಒಣಗಿಸಲು ಮಾಳಿಗೆ ಹತ್ತಿದಳು. ನನಗೋ ಒಂದು ಪ್ರಶ್ನೆ ಹತ್ತಿಕೊಂಡಿತು. ಎಷ್ಟೋ ಮನೆತನದವರಿಗೆ ದತ್ತಕದ ವಿಧಿಯನ್ನು ವಿವರಿಸಿದವನು ನಾನು. ದತ್ತಕದ ಜೀವಾಳ ಮಂತ್ರವಲ್ಲ, ಕೈ. ಒಂದು ಕೈ ಕೊಡಬೇಕು, ಇನ್ನೊಂದು ಕೈ ತೆಗೆದುಕೊಳ್ಳಬೇಕು. ಕೊಡುವ ಅಧಿಕಾರ ಹೆತ್ತವರದು ಮಾತ್ರ. ಇಲ್ಲಿ ಹೆತ್ತವಳ ಅಧಿಕಾರವನ್ನು ನ್ಯಾಯಾಲಯ ತೆಗೆದುಹಾಕಿದೆ. ಸಾಕಿದವಳಿಗೆ ಅಧಿಕಾರವೇ ಇಲ್ಲ. ಹಾಗಾದರೆ ಕೊಡುವವರು ಯಾರು? ಯಾರೂ ಕೊಡದ ಕೂಸನ್ನು ತೆಗೆದುಕೊಳ್ಳುವುದು ಹೇಗೆ? ಇದು ವಿರೋಧವಲ್ಲ, ತಿಳಿಯಬೇಕೆಂಬ ಹಂಬಲ. ಆದರೂ ತಿಳಿಯದೆ ಒಪ್ಪಿದರೆ ಅದು ಬಾಯುಪಚಾರವಾಗುತ್ತದೆ. ಇದನ್ನು ಗಿರಿಜಾಳಿಗೆ ಹೇಳಿದೆ. ಆಕೆ ಹೇಳಿದಳು:

"ಬರ್ರಿ ಅಪ್ಪಾ. ಆದ್ರ ಆ ಅಧಿಕಾರಿ ಮುಂದ ಶಾಸ್ತ್ರಾ ತಗೀಬ್ಯಾಡ್ರಿ. ಇಲ್ಲೆ ಬಾಯಿಂದ ಬಿದ್ದ ಮಾತೆಲ್ಲಾ ಬರಕೋತಾರ."

ವಿಮಾನ ಬದಲಿಸಿದ ಊರು

ನಡುವೆ ಒಂದೆಡೆ ಇಳಿದು ಬೇರೆ ವಿಮಾನ ಹಿಡಿಯಬೇಕಿತ್ತು. ಅಲ್ಲಿ ತಪಾಸಣೆಯ ಕಮಾನಿನೊಳಗೆ ನಾನು ಕಾಲಿಟ್ಟೊಡನೆ ಅದು ಕೂಗಿಕೊಂಡಿತು. ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸಿದ ಬೆಳ್ಳಿಯ ಕರಡಿಗೆಯೇ ಕಾರಣ. ಅದನ್ನು ತೆಗೆದು ತಟ್ಟೆಯಲ್ಲಿಡಿ ಎಂದು ಕಾವಲಿನ ತರುಣ ಸನ್ನೆ ಮಾಡಿದ. ಗುರುಗಳು ಕೊಟ್ಟಂದಿನಿಂದ ಇದು ನನ್ನ ಮೈಬಿಟ್ಟು ಅಗಲಿಲ್ಲ, ಪ್ರಾಣಲಿಂಗವನ್ನು ತಟ್ಟೆಯಲ್ಲಿಟ್ಟು ಕಳಿಸಲಾರೆ ಎಂದು ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಮೇಲಿನ ಅಧಿಕಾರಿಣಿಯನ್ನು ಕರೆತಂದ. ನರೆಗೂದಲಿನ ಆ ತಾಯಿ ನನ್ನ ಹಣೆಯ ವಿಭೂತಿಯನ್ನು ನೋಡಿದಳು, ಕರಡಿಗೆಯನ್ನು ನೋಡಿದಳು. ನಾನು ಮುಟ್ಟದಿದ್ದರೆ ನೀವೇ ತೆರೆದು ತೋರಿಸಬಹುದೇ ಎಂದು ಕೇಳಿದಳು.

ತೆರೆದು ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡೆ. ಆಕೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಬಾಣಂತಿಯ ಮಗ್ಗುಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ ನೋಡಿದಳು. ಬಳಿಕ ಒಂದು ಚಿಕ್ಕ ಯಂತ್ರವನ್ನು ನನ್ನ ಸುತ್ತ ಆಡಿಸಿ ಮುಂದೆ ಹೋಗಲು ಹೇಳಿದಳು. ಬೆನ್ನ ಹಿಂದೆ ಉದ್ದನೆಯ ಸಾಲು ನಿಂತಿತ್ತು, ಒಬ್ಬರೂ ಚಕಾರವೆತ್ತಲಿಲ್ಲ. ಹುಬ್ಬಳ್ಳಿಯ ಬಸ್ ನಿಲ್ದಾಣವಾಗಿದ್ದರೆ ಅಷ್ಟರಲ್ಲಿ ಹತ್ತು ಮಂದಿ ನನಗೆ, ಇನ್ನು ಹತ್ತು ಮಂದಿ ಆಕೆಗೆ ಬುದ್ಧಿ ಹೇಳಿ ಮುಗಿಸಿರುತ್ತಿದ್ದರು.

ಪಾರ್ವತಿಯ ಚೀಲವನ್ನೂ ತೆರೆಸಿದರು. ಅದರಲ್ಲಿದ್ದದ್ದು ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಉತ್ತತ್ತಿ, ಅಡಿಕೆ, ಕುಪ್ಪಸಕ್ಕೊಂದು ಹಸಿರು ಖಣ. ಮಗಳು ಕೂಸು ತೆಗೆದುಕೊಳ್ಳುವ ದಿನ ತಾಯಿಯಾದವಳು ಅವಳ ಉಡಿ ತುಂಬಬೇಡವೇ? ದಕ್ಷಿಣದವರು ಮಡಿಲು ತುಂಬುವುದು ಎನ್ನುತ್ತಾರಲ್ಲ, ಅದು. ತರುಣ ಅರಿಷಿಣದ ಬೇರನ್ನು ಮೂಸಿ ಸೀನಿದ. ಪಾರ್ವತಿ ಕನ್ನಡದಲ್ಲೇ "ನೂರು ವರ್ಷ ಬಾಳು" ಎಂದು ಹರಸಿದಳು. ಅವನು ತಲೆಬಾಗಿ ಧನ್ಯವಾದ ಹೇಳಿದ.

ಅರಳೆಯ ಊರು

ಮಗಳ ಊರಿನಲ್ಲಿ ಎತ್ತ ನೋಡಿದರೂ ಹೊಗೆಯಿಲ್ಲದ ಎತ್ತರದ ಚಿಮಣಿಗಳು. ಒಂದು ಕಾಲಕ್ಕೆ ಅವೆಲ್ಲ ಹತ್ತಿಯ ಗಿರಣಿಗಳಂತೆ. ನಮ್ಮ ಸೀಮೆಯ ಅರಳೆಯೂ ಹಡಗು ಹತ್ತಿ ಇಲ್ಲಿಗೆ ಬಂದಿರಬೇಕೆಂದು ಅಳಿಯ ಹೇಳಿದ. ಬೈಲಹೊಂಗಲದ ಜಿನ್ನಿಂಗ್ ಗಿರಣಿಯ ಮುಂದೆ ಸುಗ್ಗಿಯಲ್ಲಿ ನಡೆದರೆ ಹುಬ್ಬಿನ ಮೇಲೆ ಅರಳೆ ಕೂರುತ್ತದೆ. ಇಲ್ಲಿ ನಡೆದರೆ ಹುಬ್ಬಿನ ಮೇಲೆ ಕೂರುವುದು ಕಣ್ಣಿಗೆ ಕಾಣದ ತುಂತುರು. ಅದನ್ನು ಅಲ್ಲಿಯವರು ಮಳೆಯೆಂದು ಎಣಿಸುವುದಿಲ್ಲ, ಕೊಡೆಯನ್ನೂ ಬಿಚ್ಚುವುದಿಲ್ಲ; ಆದರೆ ಇಡೀ ದಿನ ಅದರದೇ ಮಾತು.

ಮೊದಲ ದಿನವೇ ಬಸ್ಸು ನಡೆಸುವ ಹೆಂಗಸೊಬ್ಬಳು ಟಿಕೆಟ್ಟು ಕೊಡುತ್ತ ನನ್ನನ್ನು "ಪ್ರೀತಿಯೇ" ಎಂಬರ್ಥದ ಮಾತಿನಿಂದ ಕರೆದಳು. ನಾನು ಸೀಟಿಗೆ ಹೋಗುವುದನ್ನೂ ಮರೆತು ನಿಂತುಬಿಟ್ಟೆ. ಪಾರ್ವತಿಗೆ ಅರ್ಥ ಹೇಳುವುದೋ ಬೇಡವೋ ಎಂಬ ಚಿಂತೆ ಬೇರೆ. ಶಿವಾನಂದ ನಕ್ಕ.

"ಮಾವಾರ, ನಮ್ಮಲ್ಲೆ ಗುರುತು ಇಲ್ಲದಾರಿಗೂ ಯಪ್ಪಾ, ಯವ್ವಾ ಅನ್ನೂದಿಲ್ಲೇನ್ರಿ? ಹಂಗ ಇದು."

ಆ ಮೇಲೆ ತರಕಾರಿಯವನು, ಅಂಚೆಯವನು, ಪಕ್ಕದ ಮನೆಯ ಮುದುಕ, ಎಲ್ಲರೂ ಹಾಗೆಯೇ ಕರೆದರು. ಆ ಮುದುಕ ತನ್ನ ನಾಯಿಯನ್ನು ತಿರುಗಾಡಿಸಿ ತಂದು ಬಾಗಿಲಲ್ಲಿ ಅದರ ನಾಲ್ಕೂ ಪಾದಗಳನ್ನು ಬಿಸಿನೀರಿನಲ್ಲಿ ತೊಳೆದು ಒರೆಸುತ್ತಿದ್ದ. ಪಾದಪೂಜೆಯನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಮಠದಲ್ಲೂ ಎಲ್ಲರಲ್ಲಿ ಕಂಡಿಲ್ಲ.

ಅಧಿಕಾರಿಣಿ ಬಂದ ದಿನ

ಅಧಿಕಾರಿಣಿಯ ಹೆಸರು ಜೂಲಿ. ನಲವತ್ತರ ಆಸುಪಾಸು. ಯಾರೂ ಹೇಳದೆ ಬಾಗಿಲಲ್ಲೇ ಬೂಟು ಬಿಚ್ಚಿದಳು; ಒಂದು ಕಾಲುಚೀಲದಲ್ಲಿ ತೂತು ಬಿದ್ದಿತ್ತು. ಅದನ್ನು ಮುಚ್ಚಿಕೊಳ್ಳದೆ ಕಾಲು ಚಾಚಿ ಕೂತು ಪಾರ್ವತಿಯ ಉಪ್ಪಿಟ್ಟನ್ನು ತಿಂದಳು. ಇವಳೊಡನೆ ಮಾತಾಡಬಹುದು ಎಂದು ನನಗೆ ಅನ್ನಿಸಿತು.

ಕೂಸನ್ನು ಬೈಲಹೊಂಗಲಕ್ಕೆ ಕರೆತಂದರೆ ಜನ ಏನೆನ್ನುತ್ತಾರೆ ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಕೆಲವರು ಹಿಂದಿನ ಜನ್ಮದ ಫಲ ಎನ್ನುತ್ತಾರೆ, ಕೆಲವರು ದೇವರ ಕೂಸು ಎಂದು ಕೈಮುಗಿಯುತ್ತಾರೆ. ಎರಡೂ ಬಗೆಯವರು ದಿಟ್ಟಿಸಿ ನೋಡುತ್ತಾರೆ. ಅದರ ಜೊತೆ ಕೂತು ಆಡುವವರು ಕಡಿಮೆ. ನೀವು ಆಡುತ್ತೀರಾ ಎಂದಳು. ನನಗೆ ಆಡಲು ಬರುವುದಿಲ್ಲ, ಕಥೆ ಹೇಳಬಲ್ಲೆ ಎಂದೆ. ಎಲ್ಲವನ್ನೂ ಬರೆದುಕೊಂಡಳು.

ಕೊನೆಗೆ, ಈ ಕೂಸನ್ನು ನಿಮ್ಮ ಮೊಮ್ಮಗಳೆಂದು ಒಪ್ಪುತ್ತೀರಾ ಎಂಬ ನೇರವಾದ ಪ್ರಶ್ನೆ ಬಂತು. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಕೇಳಿಯೇಬಿಟ್ಟೆ: ಕೊಡುವವರು ಯಾರು?

ಗಿರಿಜಾ ಚಹದ ಬಟ್ಟಲನ್ನು ಕೆಳಗಿಟ್ಟಳು. ಜೂಲಿಯ ಲೇಖನಿ ನಿಂತಿತು. ನ್ಯಾಯಾಲಯ ಆಜ್ಞೆ ಮಾಡುತ್ತದೆ ಎಂದಳು. ನಮ್ಮ ಶಾಸ್ತ್ರದಲ್ಲಿ ಕೊಡಲು ಕೈ ಬೇಕು, ನ್ಯಾಯಾಲಯಕ್ಕೆ ಕೈ ಎಲ್ಲಿದೆ ಎಂದೆ. ತಂಟೆಗಾಗಿ ಕೇಳುತ್ತಿಲ್ಲ, ತಿಳಿಯದೆ ಒಪ್ಪಿದರೆ ಆ ಕೂಸಿಗೇ ಅವಮಾನ ಎಂದೂ ಹೇಳಿದೆ. ಇದನ್ನು ತನ್ನನ್ನು ಯಾರೂ ಕೇಳಿರಲಿಲ್ಲ, ಯೋಚಿಸಬೇಕಾಗುತ್ತದೆ ಎಂದು ಜೂಲಿ ಹೇಳಿ, ಅದನ್ನೂ ಬರೆದುಕೊಂಡು ಹೋದಳು.

ಗಿರಿಜಾ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾ ಆ ಕೂಸಿನ ಮಾರಿ ನೋಡಿ ಬಂದೇನಿ ಅಪ್ಪಾ. ನೀವಿನ್ನೂ ನೋಡಿಲ್ಲ."

ಶಿವಾನಂದ ವಾತಾವರಣವನ್ನು ತಿಳಿಗೊಳಿಸಲು ನೋಡಿದ. "ಕಿತ್ತೂರ ದತ್ತಕಕ್ಕ ಇಂಗ್ಲಿಷರು ಹಿಂದಕ ಒಮ್ಮೆ ಒಲ್ಲೆ ಅಂದಿದ್ರು. ಅದಕ್ಕ ನಮ್ಮ ರಾಣಿ ಲಡಾಯಿನ ಮಾಡಿದ್ಲು. ಈ ಸಲ ಇಂಗ್ಲಿಷರು ಸುಮ್ಮನ ಅದಾರ. ತಕರಾರು ತಗದಾವರು ಬೈಲಹೊಂಗಲದವರು."

ಪಾರ್ವತಿ ನಕ್ಕಳು. ನಾನೂ ನಗಬೇಕಾಯಿತು. ನಮ್ಮೂರಿನಲ್ಲೇ ಇರುವ ಆ ರಾಣಿಯ ಸಮಾಧಿಯ ಮುಂದೆ ಹಾದೇ ನಾನು ನಿತ್ಯ ಶಾಲೆಗೆ ಹೋಗುತ್ತಿದ್ದವನು. ಗಿರಿಜಾ ಮಾತ್ರ ನಗಲಿಲ್ಲ.

ಮೊರೀನಳ ಮನೆ

ಕೆಲದಿನಗಳ ಬಳಿಕ ಗಿರಿಜಾಳಿಗೆ ಜೂಲಿಯ ಕರೆ ಬಂತು. ಸಾಮಾನ್ಯವಾಗಿ ಅಜ್ಜ ಅಜ್ಜಿಯರಿಗೆ ಇಷ್ಟು ಬೇಗ ಕೂಸನ್ನು ತೋರಿಸುವುದಿಲ್ಲವಂತೆ. ಆದರೆ ನಿಮ್ಮ ತಂದೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಪೋಷಕ ತಾಯಿಯನ್ನು ಅವರು ಒಮ್ಮೆ ನೋಡಲಿ ಎಂದಳಂತೆ.

ಮೊರೀನ್ ಎಂಬ ಆ ತಾಯಿಗೆ ಅರವತ್ತು ದಾಟಿತ್ತು. ಗಂಡ ಮೀನಿನ ಅಂಗಡಿ ನಡೆಸುತ್ತಿದ್ದು ತೀರಿಕೊಂಡಿದ್ದ. ಪ್ಯಾಂಟು, ಅದರ ಮೇಲೆ ಹೂವಿನ ಚಿತ್ರದ ಏಪ್ರನ್, ಗಟ್ಟಿ ಗಂಟಲು. ಮೆಟ್ಟಿಲಿನ ಗೋಡೆಯುದ್ದಕ್ಕೂ ಅವಳು ಸಾಕಿ ಕಳಿಸಿದ ಮಕ್ಕಳ ಚಿತ್ರಗಳಿದ್ದವು. ತೀರ ಮೇಲಿನವು ಕತ್ತಲಲ್ಲಿ ಕಾಣುತ್ತಲೇ ಇರಲಿಲ್ಲ. ಗಿರಿಜಾ, ಜೂಲಿಯರೊಡನೆ ಹೋದ ನಮ್ಮಿಬ್ಬರನ್ನೂ "ಪ್ರೀತಿಯೇ" ಎಂದು ಕರೆದು ಅಡುಗೆಮನೆಗೆ ಕರೆದೊಯ್ದಳು.

ನಾವು ನೋಡಬಂದಿದ್ದ ಕೂಸು ರೋಸಿ ಅಲ್ಲಿದ್ದಳು. ಪಟ್ಟಿಗಳಿರುವ ಎತ್ತರದ ಕುರ್ಚಿ, ಗೋಧಿಬಣ್ಣ, ಗುಂಗುರು ಕೂದಲು, ಮಡಚಿಕೊಂಡ ಎಡಗೈ ಮುಷ್ಟಿ. ನನ್ನ ಹಣೆಯ ವಿಭೂತಿಯನ್ನು ಆಕೆ ಬಹಳ ಹೊತ್ತು ಪರೀಕ್ಷಿಸಿದಳು. ಬಳಿಕ ನಕ್ಕಳು. ಆ ನಗು ಬಾಯಿಂದ ಶುರುವಾಗಿ ಭುಜಕ್ಕೆ ಹೋಗಿ, ಮಡಚಿದ ಕೈಗೆ ಇಳಿದು, ಕುರ್ಚಿಯನ್ನೇ ಅಲ್ಲಾಡಿಸಿತು. ಮಗಳು ದೂರವಾಣಿಯಲ್ಲಿ ಆ ಒಂದು ಮಾತನ್ನು ಏಕೆ ಬೇಗನೆ ಹೇಳಿದಳೆಂದು ನನಗೆ ಆಗ ಗೊತ್ತಾಯಿತು.

ಅದು ಊಟದ ಹೊತ್ತು. ಮೊರೀನ್ ಗಂಜಿಯಂಥ ಪದಾರ್ಥವನ್ನು ಚಮಚದಲ್ಲಿ ಎತ್ತಿ ಕೂಸಿನ ಕೆಳದುಟಿಯ ಮೇಲೆ ಇರಿಸಿದಳು. ಒಳಗೆ ತುರುಕಲಿಲ್ಲ. ಇರಿಸಿ ಕಾದಳು. ಕಾಯುತ್ತ ನಮ್ಮೊಡನೆ ಹವೆಯ ಬಗ್ಗೆ ಮಾತಾಡಿದಳು. ಎಷ್ಟೋ ಹೊತ್ತಿಗೆ ರೋಸಿಯ ಬಾಯಿ ತಾನಾಗಿ ತೆರೆಯಿತು. ಮತ್ತೆ ಒಂದು ಚಮಚ, ಮತ್ತೆ ಅಷ್ಟೇ ಕಾಯುವಿಕೆ. ನಮ್ಮ ಮನೆಗಳಲ್ಲಿ ಕೂಸಿಗೆ ಉಣಿಸುವುದೆಂದರೆ ಕಾಗೆ ತೋರಿಸಿ, ಬಾಯಿ ತೆರೆದ ಕ್ಷಣಕ್ಕೆ ತುತ್ತು ಹಾಕುವ ಯುದ್ಧ. ಇದು ಬೇರೆಯೇ ಒಂದು ಉಪಾಸನೆಯಂತೆ ಕಂಡಿತು. ನಾನು ಅದನ್ನೇ ನೋಡುತ್ತ ಮೈಮರೆತೆ.

ಅಷ್ಟರಲ್ಲಿ ಆಗಬಾರದ್ದು ಆಯಿತು. ಕೂಸನ್ನು ಮೊದಲ ಸಲ ನೋಡಿದಾಗ ಬಾಯಿ ಸಿಹಿ ಮಾಡದೆ ನಮ್ಮ ಕಡೆಯ ಯಾವ ಅಜ್ಜಿ ಸುಮ್ಮನಿದ್ದಾಳು? ಮೊರೀನ್ ಬಟ್ಟಲು ಇಡಲು ತಿರುಗಿದ ಗಳಿಗೆಯಲ್ಲಿ ಪಾರ್ವತಿ ಸೊಂಟದ ಸಂಚಿಯಿಂದ ಸಕ್ಕರೆ ಕೊಬ್ಬರಿಯ ಚಿಟಿಕೆ ತೆಗೆದು ರೋಸಿಯ ನಾಲಿಗೆಯ ಮೇಲೆ ಇಟ್ಟುಬಿಟ್ಟಳು. ಕೂಸು ಕೆಮ್ಮಲು ನೋಡಿತು, ಕೆಮ್ಮು ಬರಲಿಲ್ಲ. ಮುಖ ಕಪ್ಪಿಟ್ಟಿತು. ಮೊರೀನ್ ಒಂದು ಕೈಯಿಂದ ಪಟ್ಟಿ ಬಿಚ್ಚಿ, ಕೂಸನ್ನು ತನ್ನ ತೋಳಿನ ಮೇಲೆ ಬೋರಲು ಹಾಕಿ ಬೆನ್ನು ಬಡಿದಳು. ಕೊಬ್ಬರಿಯ ಚೂರು ನೆಲಕ್ಕೆ ಬಿತ್ತು. ಆಮೇಲೆ ಅಳು ಬಂತು. ಅಷ್ಟು ಹಿತವಾದ ಅಳುವನ್ನು ನಾನು ಕೇಳಿಲ್ಲ.

ಜೂಲಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಗಿರಿಜಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನನ್ನ ಪ್ರಶ್ನೆಯಿಂದ ಅರ್ಧ ಕೆಟ್ಟಿದ್ದ ಕೆಲಸ ಈಗ ಪೂರ್ತಿ ಕೆಟ್ಟಿತೆಂದು ನಮಗೆಲ್ಲರಿಗೂ ಅನ್ನಿಸಿತ್ತು. ಪಾರ್ವತಿ ತನ್ನ ಕೈಯನ್ನು ಮುಂದೆ ಚಾಚಿದಳು. "ನನ್ನ ಕೈ ಕಡೀರಿ," ಎಂದಳು. ಅದನ್ನು ಯಾರೂ ಅನುವಾದಿಸಲಿಲ್ಲ.

ಮೊರೀನ್ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದು ಆ ಚಾಚಿದ ಕೈಯನ್ನು ಹಿಡಿದಳು. ಈ ಮನೆಗೆ ಬಂದ ಮೊದಲ ವಾರದಲ್ಲಿ ರೋಸಿಗೆ ತಾನೇ ಬಿಸ್ಕೀಟು ಕೊಟ್ಟು ಆಂಬುಲೆನ್ಸ್ ಕರೆಸಬೇಕಾಯಿತು ಎಂದಳು. ಆಮೇಲೆ, "ಸಿಹಿ ಕೊಡಬೇಕೆನಿಸಿದ್ದು ಸರಿಯೇ. ಹೇಗೆ ಕೊಡುವುದೆಂದು ತೋರಿಸುತ್ತೇನೆ, ಬಾ," ಎಂದು ಕರೆದು, ಪಾರ್ವತಿಯ ಬೆರಳತುದಿಯನ್ನು ಜೇನಿನಲ್ಲಿ ಅದ್ದಿ ಕೂಸಿನ ತುಟಿಗೆ ತಾಗಿಸಿದಳು. ಇಬ್ಬರೂ ಕಾದರು. ಅಳು ಇನ್ನೂ ಪೂರ್ತಿ ನಿಂತಿರದ ಆ ಮುಖದಿಂದ ನಾಲಿಗೆ ಮೆಲ್ಲನೆ ಹೊರಬಂದು, ದಾರಿ ತಪ್ಪಿ, ತಿರುಗಿ ಬಂದು ಜೇನನ್ನು ಮುಟ್ಟಿತು.

ಹೊರಡುವಾಗ ಜೂಲಿ ಪಾರ್ವತಿಯನ್ನು ಒಂದೇ ಮಾತು ಕೇಳಿದಳು: ನಾಳೆಯೂ ಬರುತ್ತೀರಾ? ಪಾರ್ವತಿ ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಜೋಳದ ಹಿಟ್ಟಿನ ಅಂಬಲಿಯನ್ನು ಎಷ್ಟು ಗಟ್ಟಿ ಮಾಡಿದರೆ ರೋಸಿಯ ಗಂಟಲಿಗೆ ಒಗ್ಗುತ್ತದೆ ಎಂಬುದನ್ನು ಅವರಿಬ್ಬರೂ ಭಾಷೆಯ ಹಂಗಿಲ್ಲದೆ ಕೂಡಿಯೇ ಕಂಡುಕೊಂಡರು.

ಸಮಿತಿಯ ಮಾತು

ತೀರ್ಮಾನ ಮಾಡುವುದು ಒಂದು ಸಮಿತಿ. ಆ ದಿನ ಗಿರಿಜಾ ದೂರವಾಣಿಯ ಪಕ್ಕದಲ್ಲಿ ಕುಳಿತು ಶ್ಯಾವಿಗೆಯನ್ನು ಮುರಿಯುತ್ತಿದ್ದಳು. ಮುರಿದು ಮುರಿದು ಅದು ರವೆಯಾಗಿತ್ತು. ನಾನು ಲಿಂಗಪೂಜೆಗೆ ಕುಳಿತೆ. ಅಂಗೈಯ ಲಿಂಗವನ್ನು ನೋಡುತ್ತಿದ್ದಾಗ ನನ್ನ ಗುರುಗಳ ಕೈ ನೆನಪಾಯಿತು. ಅವರು ಇದನ್ನು ಕೊಡುವಾಗ ಯಾವ ಅಧಿಕಾರದಿಂದ ಕೊಟ್ಟರು? ಅವರೇನು ಇದನ್ನು ಹೆತ್ತವರಲ್ಲ. ನಿತ್ಯ ಪೂಜಿಸಿದ ಕೈಗೆ ಮಾತ್ರ ಕೊಡುವ ಅಧಿಕಾರವೆಂದು ನಾನೇ ಎಷ್ಟು ಪುರಾಣಗಳಲ್ಲಿ ಹೇಳಿಲ್ಲ! ತುಟಿಯ ಮೇಲೆ ಚಮಚವನ್ನಿರಿಸಿ ಕಾದ ಆ ಇನ್ನೊಂದು ಕೈ ನನ್ನ ಕಣ್ಣಿಗೆ ಕಟ್ಟಿತು.

ದೂರವಾಣಿ ಬಂತು. ಗಿರಿಜಾ ಕೇಳಿದಳು, ಕೇಳಿದಳು, ಕೊನೆಗೆ ನೆಲದ ಮೇಲೆ ಕುಳಿತುಬಿಟ್ಟಳು. "ಕೊಡತಾರಂತ," ಎಂದಳು.

ಕೊಬ್ಬರಿಯ ಪ್ರಸಂಗವನ್ನು ಜೂಲಿ ಮುಚ್ಚಿಡದೆ ಸಮಿತಿಗೆ ಹೇಳಿದ್ದಳಂತೆ. ಅಜ್ಜಿ ಮರುದಿನವೇ ಕಲಿಯಲು ಬಂದದ್ದನ್ನೂ ಹೇಳಿದ್ದಳಂತೆ. ನನ್ನ ಪ್ರಶ್ನೆಯನ್ನೂ ಅವರ ಮುಂದಿಟ್ಟಿದ್ದಳು. ಕೊಡುವವರು ಯಾರೆಂದು ಯೋಚಿಸುವ ಮನೆಯಲ್ಲಿ ಕೂಸು ಎಲ್ಲಿಂದ ಬಂತೆಂಬುದನ್ನು ಮರೆಯಲಾರರು ಎಂದು ಒಬ್ಬ ಹಿರಿಯ ಸದಸ್ಯ ಹೇಳಿದನಂತೆ.

ಆದರೆ ಒಂದು ಕಟ್ಟಳೆಯಿತ್ತು. ಮೊದಲ ಕೆಲವು ವಾರ ಕೂಸಿಗೆ ಉಣಿಸುವುದು, ಎತ್ತುವುದು, ಸಮಾಧಾನ ಮಾಡುವುದು ಹೊಸ ತಂದೆತಾಯಿ ಇಬ್ಬರೇ. ತನ್ನವರು ಯಾರೆಂದು ಅದಕ್ಕೆ ಖಚಿತವಾಗಬೇಕು. ಅಲ್ಲಿಯವರೆಗೆ ನಾವಿಬ್ಬರೂ ಬೇರೆ ಕಡೆ ಇರಬೇಕು. ನಮ್ಮಲ್ಲಿ ಹೊಸ ಕೂಸು ಸಂಜೆಯೊಳಗೆ ಹತ್ತು ಮಡಿಲು ತಿರುಗಿ ಬರುತ್ತದೆ. ಸಮುದ್ರ ದಾಟಿ ಬಂದು ಮುಟ್ಟಬಾರದೆಂದರೆ ಹೇಗೆ ಎಂದು ಪಾರ್ವತಿ ಅತ್ತಳು. ಪಾಠಶಾಲೆಗೆ ಹೊಸದಾಗಿ ಸೇರಿದ ವಟುವಿಗೆ ಮೊದಮೊದಲು ಗುರುವಿನ ಕೈಯ ಪ್ರಸಾದ ಮಾತ್ರ ಕೊಡುತ್ತಿದ್ದದ್ದನ್ನು ಹೇಳಿ ಸಮಾಧಾನಪಡಿಸಿದೆ. ಶಿವಾನಂದ ನಮಗಾಗಿ ಒಂದು ಬಾಡಿಗೆ ಕೋಣೆಯನ್ನು ಗೊತ್ತುಮಾಡಿದ.

ಹೊಸ್ತಿಲು

ಒಪ್ಪಿಸುವ ದಿನದ ಬಗ್ಗೆಯೂ ಒಂದು ಪದ್ಧತಿಯಿದೆಯಂತೆ. ಬಾಗಿಲಲ್ಲೇ ನಿಲ್ಲಬೇಕು, ಎಲ್ಲರೂ ನಗುತ್ತಿರಬೇಕು, ಬೇಗನೆ ಮುಗಿಸಿ ಹೊರಡಬೇಕು. ದೊಡ್ಡವರ ಅಳುವನ್ನು ಕಂಡರೆ ಕೂಸು ಹೆದರುತ್ತದೆ. ತರ್ಕ ಸರಿಯಾದದ್ದೇ. ಆದರೆ ಆ ಬಾಗಿಲು ಮುಚ್ಚಿದ ಮೇಲೆ ಒಳಗೆ ಉಳಿಯುವವಳ ಬಗ್ಗೆ ಆ ಪದ್ಧತಿಯಲ್ಲಿ ಒಂದು ಮಾತೂ ಇರಲಿಲ್ಲ.

ಹಿಂದಿನ ಸಂಜೆ ಪಾರ್ವತಿ ಉಡಿಯ ಸಾಮಾನುಗಳನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ದತ್ತಕ ಕೊಟ್ಟ ತಾಯಿಯ ಉಡಿಯನ್ನೂ ತುಂಬುತ್ತಾರೆ. ಕೂಸನ್ನು ಕೊಟ್ಟವಳು ಬರಿಯ ಮಡಿಲಿನಿಂದ ತಿರುಗಬಾರದು. ಪಾರ್ವತಿ ತಂದದ್ದು ಒಬ್ಬಳಿಗಾಗುವಷ್ಟೇ ಸಾಮಾನು. ಗಿರಿಜಾಳನ್ನು ಕರೆದು ಹೇಳಿದಳು:

"ನಿನ್ನ ಉಡಿ ಕೂಸ ತುಂಬತೈತಿ. ಬರಿದಾಗೂದು ಆಕಿದು."

ಗಿರಿಜಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಆಗ ನನ್ನ ಮನಸ್ಸಿಗೊಂದು ತೊಡಕು ಬಂತು. ಉಡಿ ತುಂಬುವುದು ಮುತ್ತೈದೆಗೆ. ಮೊರೀನ್ ಗಂಡ ತೀರಿದವಳು. ಇದಕ್ಕೆ ಎಲ್ಲಿಯಾದರೂ ಆಧಾರ ದೊರೆತೀತೇ ಎಂದು ನಾನು ನೆನಪಿನಲ್ಲೇ ಗ್ರಂಥಗಳನ್ನು ತಿರುವುತ್ತಿದ್ದಂತೆ ಪಾರ್ವತಿ ಖಣವನ್ನು ಮಡಚಿ ಮೇಲಿಟ್ಟು ಗಂಟು ಕಟ್ಟಿಯಾಗಿತ್ತು. ನಾನು ಗ್ರಂಥಗಳನ್ನು ಮುಚ್ಚಿದೆ.

ಮರುದಿನ ಬೆಳಗ್ಗೆ ಮೊರೀನ್ ಬಾಗಿಲಲ್ಲಿ ರೋಸಿಯನ್ನು ಎತ್ತಿಕೊಂಡು ನಗುತ್ತ ನಿಂತಿದ್ದಳು. ಆ ನಗುವನ್ನು ಅವಳು ಎಷ್ಟೋ ಸಲ ನಕ್ಕಿರಬೇಕು; ಕೊರೆದು ಇಟ್ಟಂತಿತ್ತು. ಜೂಲಿ ಗಡಿಯಾರ ನೋಡಿಕೊಂಡಳು. ನಾನು ಮುಂದೆ ಹೋಗಿ, ನನ್ನ ಪ್ರಶ್ನೆಗೆ ಉತ್ತರ ದೊರೆಯಿತು, ಆದರೆ ಅದಕ್ಕೆ ಸ್ವಲ್ಪ ಸಮಯ ಬೇಕು ಎಂದೆ. ಆಕೆ ನನ್ನನ್ನೂ ಪಾರ್ವತಿಯ ಕೈಯ ಗಂಟನ್ನೂ ನೋಡಿದಳು. ಗಡಿಯಾರದ ಮೇಲೆ ಅಂಗಿಯ ತೋಳನ್ನು ಎಳೆದುಕೊಂಡಳು.

ನಮ್ಮಲ್ಲಿ ಕೂಸು ಕೊಡುವ ತಾಯಿಗೆ ಹೀಗೆ ಮಾಡುತ್ತೇವೆ ಎಂದು ಮೊರೀನಳಿಗೆ ವಿವರಿಸಿದೆ. ಕೊಡುವವಳು ನಾನಲ್ಲ ಎಂದಳು ಅವಳು. ನೀವೇ ಎಂದೆ.

ಆ ನಗು ಆಗ ಕಳಚಿಬಿತ್ತು.

ಗಿರಿಜಾ ಕೂಸನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಶಿವಾನಂದ ಚಕ್ರದ ಕುರ್ಚಿಯನ್ನು ತಂದು ಹೊಸ್ತಿಲಲ್ಲಿ ಇಟ್ಟ, ಮೊರೀನ್ ರೋಸಿಯನ್ನು ಅದರಲ್ಲಿ ಕೂರಿಸಿದಳು. ಸೆರಗಿಲ್ಲದ ಆ ತಾಯಿ ಏನನ್ನು ಒಡ್ಡಬೇಕೆಂದು ಕ್ಷಣ ತಬ್ಬಿಬ್ಬಾಗಿ, ಬಳಿಕ ಏಪ್ರನ್ನಿನ ಎರಡೂ ಅಂಚುಗಳನ್ನು ಹಿಡಿದು ಎತ್ತಿದಳು. ಪಾರ್ವತಿ ಆಕೆಯ ಹಣೆಗೆ ಸಿರಸಂಗಿಯ ಕುಂಕುಮವನ್ನಿಟ್ಟಳು. ಮಗಳ ಮನೆಯಿಂದ ಬುಟ್ಟಿಯಲ್ಲಿ ತಂದು ಕೂಸಿನ ಪಕ್ಕದಲ್ಲಿಟ್ಟಿದ್ದ ಅಕ್ಕಿಯನ್ನು ಹಿಡಿಹಿಡಿಯಾಗಿ ಸುರಿದಳು. ಕೊಬ್ಬರಿ ಬಟ್ಟಲು, ಅರಿಷಿಣ, ಉತ್ತತ್ತಿ, ಅಡಿಕೆ, ಹಸಿರು ಖಣ ಒಂದೊಂದಾಗಿ ಏಪ್ರನ್ನಿನ ಹೂಗಳ ಮೇಲೆ ಇಳಿದವು. ರೋಸಿಗೆ ಇದು ಹೊಸ ಆಟವಾಗಿ ಕಂಡಿತು. ಬಲಗೈಯನ್ನು ಅಕ್ಕಿಯ ಬುಟ್ಟಿಗೆ ಹಾಕಿ, ಮುಷ್ಟಿ ತುಂಬಿ, ಮೊರೀನಳತ್ತ ಎಸೆದಳು. ಹೆಚ್ಚಿನದು ಹೊಸ್ತಿಲ ಮೇಲೆ ಬಿತ್ತು. ಕೆಲವು ಕಾಳು ಉಡಿಯೊಳಗೆ ಬಿದ್ದವು. ಮತ್ತೆ ಕುರ್ಚಿ ಅಲ್ಲಾಡುವಂತೆ ನಕ್ಕಳು.

ಈಗ ನಾನು ಏನು ಹೇಳಬೇಕು ಎಂದು ಮೊರೀನ್ ನನ್ನನ್ನು ಕೇಳಿದಳು. ನಿಮಗೆ ನಿಜವೆನಿಸುವ ಯಾವ ಮಾತಾದರೂ ಸರಿ ಎಂದೆ. ಉಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಬಗ್ಗಿ, ಇನ್ನೊಂದು ಕೈಯಿಂದ ರೋಸಿಯ ಕೈಯನ್ನೆತ್ತಿ ಗಿರಿಜಾಳ ಅಂಗೈಯೊಳಗೆ ಇಟ್ಟಳು. ಮಾತಾಡಿದ್ದು ಗಿರಿಜಾಳೊಡನೆಯಲ್ಲ, ಕೂಸಿನೊಡನೆ.

"ಹೋಗು ಪ್ರೀತಿಯೇ. ಅಮ್ಮನ ಜೊತೆ ಹೋಗು."

"ತಗೊಂಡೆ," ಎಂದಳು ಗಿರಿಜಾ, ಕನ್ನಡದಲ್ಲಿ. ಅದನ್ನೂ ಯಾರೂ ಅನುವಾದಿಸಲಿಲ್ಲ.

ಗಿರಿಜಾ, ಶಿವಾನಂದ, ರೋಸಿ ಮೂವರನ್ನು ಹೊತ್ತು ಕಾರು ಹೊರಟಿತು. ತಿರುವು ದಾಟುವವರೆಗೂ ಮೊರೀನ್ ಏಪ್ರನ್ನಿನ ಎರಡೂ ಅಂಚುಗಳನ್ನು ಹಿಡಿದೇ ನಿಂತಿದ್ದಳು. ಬಿಟ್ಟರೆ ಅಕ್ಕಿ ಚೆಲ್ಲುತ್ತದೆ. ಬೀಸಲು ಆಕೆಯ ಕೈ ಖಾಲಿಯಿರಲಿಲ್ಲ.

ಉಡಿಯ ಅಕ್ಕಿಯನ್ನು ಅದೇ ದಿನ ಅಟ್ಟು ಉಣ್ಣಬೇಕೆಂಬುದು ಪಾರ್ವತಿಯ ತವರಿನ ರೂಢಿ. ಒಬ್ಬಳೇ ಹೇಗೆ ಉಂಡಾಳು ಎಂದು ನಾವಿಬ್ಬರೂ ಒಳಗೆ ಹೋದೆವು. ಪಾರ್ವತಿ ಪಾಯಸ ಮಾಡಿದಳು. ಅಡುಗೆಮನೆಯಲ್ಲಿದ್ದ ಕೂಸಿನ ಎತ್ತರದ ಕುರ್ಚಿಯನ್ನು ಸರಿಸದೆ ಅದರ ಸುತ್ತಲೇ ಮೂವರೂ ಕುಳಿತು ಉಂಡೆವು. ಮೇಲಿನ ಸಣ್ಣ ಕೋಣೆ ಈಗ ಬರಿದೇ ಇದೆ, ಬಾಡಿಗೆಯ ಕೋಣೆಗೇಕೆ ಹೋಗುತ್ತೀರಿ ಎಂದು ಮೊರೀನ್ ಕೇಳಿದಳು. ಮೊಮ್ಮಗಳಿಂದ ದೂರವಿರಬೇಕಾದ ಆ ವಾರಗಳನ್ನು ನಾವು ಆಕೆಯ ಮನೆಯಲ್ಲೇ ಕಳೆದೆವು. ಮೆಟ್ಟಿಲಿನ ಗೋಡೆಯ ಪ್ರತಿಯೊಂದು ಮಗುವಿನ ಕಥೆಯನ್ನೂ ಕೇಳಿದೆವು, ಕತ್ತಲಲ್ಲಿದ್ದ ಮೇಲಿನ ಮೆಟ್ಟಿಲಿನವರೆಗೂ.

ಉಳಿದಿದ್ದ ನಮಸ್ಕಾರ ಆ ತಾಯಿಗೆ.

ತನ್ನದಲ್ಲವೆಂದು ತಿಳಿದೂ ತನ್ನದೆಂಬಂತೆ ಸಾಕಿದ ಆ ಕೈಗಳಿಗೆ ಆಯಾಸ ತಟ್ಟದಿರಲಿ. ಬರೆದುಕೊಂಡದ್ದನ್ನು ನ್ಯಾಯವಾಗಿ ಓದಿ ಹೇಳಿದ ಜೂಲಿಯ ಮನೆ ತಣ್ಣಗಿರಲಿ. ಬಾಗಿ ನೋಡಿ ಮುಟ್ಟದೆ ನನ್ನನ್ನು ಮುಂದೆ ಬಿಟ್ಟ ಆ ಹೆಸರು ತಿಳಿಯದ ಹಿರಿಯಳಿಗೂ, ಸೀನಿದ ತರುಣನಿಗೂ ಆಯುಷ್ಯವಿರಲಿ. ಯಾವ ಕಷ್ಟದಲ್ಲಿ ಬಿಟ್ಟಳೋ ಯಾರೂ ಅರಿಯದ ಹೆತ್ತ ತಾಯಿಗೆ ನಿದ್ದೆ ಬರಲಿ. ಗಿರಿಜಾ ಶಿವಾನಂದರ ತೋಳಿಗೆ ಬಲವೂ, ಚಮಚ ಹಿಡಿದು ಕಾಯುವ ತಾಳ್ಮೆಯೂ ಇರಲಿ. ಹೊಸ್ತಿಲ ಮೇಲೆ ಚೆಲ್ಲಿದ ಅಕ್ಕಿಯನ್ನು ಆ ಸಂಜೆ ಹೆಕ್ಕಿ ಹೋದ ಗುಬ್ಬಿಗಳಿಗೂ ಶುಭವಾಗಲಿ. ನಮ್ಮ ರೋಸಿ ನಗುತ್ತಿರಲಿ.